ಒಂದು ಮೂಟೆ ತೂಗಿದರೆ

ಒಂದು ಮೂಟೆ ತೂಗಿದರೆ
ನಾನೂರ ಹನ್ನೆರಡೂ ಮೂಟೆ ಭಾರವಾಗುತ್ತಿದ್ದವು.
ಹಾಸನದ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ
ಮೂರು ದಿನದಿಂದ ಇದೇ ಪವಾಡ.
ಹಮಾಲಿ ಜವರಣ್ಣ ಪರದೆ ಇಣುಕಿ ನೋಡಿ
"ಇಷ್ಟೆಲ್ಲ ನಾ ಯಾವಾಗ ಹೊತ್ತೆ ಸಾರ್,
ಕೂಲಿನೂ ಹಂಗೇ ಲೆಕ್ಕ ಹಾಕ್ಬುಡಿ" ಅಂದು ನಕ್ಕ.
ನನಗೆ ನಗು ಬರಲಿಲ್ಲ.
ಕೀಲಿಮಣೆಯ ಸಂದಿಯಲ್ಲಿ ಕಾಫಿ ಹೊಟ್ಟು,
ಬರೆದದ್ದು ನೂರಾ ಎಂಬತ್ತು ಸಾಲು,
ತಪ್ಪೇ ಇಲ್ಲ ಅನ್ನುತ್ತಿತ್ತು ಯಂತ್ರ.
ತಪ್ಪೇ ಇಲ್ಲ ಅನ್ನುವವರ ಜೊತೆ ಏಗುವುದು ಹೇಗೆ?

ಸಂಜೆ ಐದೂವರೆಗೆ ಫಿಲೋಮಿನಾ ಬಂದಳು,
ಬಿ.ಎಂ. ರಸ್ತೆಯ ಬೀಜದಂಗಡಿಗಳಿಗೆ
ಬಿಲ್ಲಿನ ಪ್ರೋಗ್ರಾಂ ಬರೆದುಕೊಡುವವಳು.
ಹೆಲ್ಮೆಟ್ಟು ಮಡಿಲಲ್ಲಿಟ್ಟು
ಖಾಲಿ ಗೋಣಿಗಳ ಅಟ್ಟಿಯ ಮೇಲೆ ಕೂತಳು.
ಕೀಲಿಮಣೆ ಮುಟ್ಟಲಿಲ್ಲ. ಅದು ಅವಳ ವ್ರತ.
"ನಿನ್ನ ಸಾಲು, ನಿನ್ನ ಬೆರಳು.
ಓದು. ಜೋರಾಗಿ ಓದು,
ಜವರಣ್ಣನಿಗೆ ಹೇಳೋ ಹಾಗೆ."

ಓದಿದೆ.
ಕ್ಲಾಸು, ಹೆಸರು ಮೂಟೆ. ಅದರೊಳಗೆ ತೂಕ, ಖಾಲಿ ಲಿಸ್ಟು.
ಆಮೇಲೆ
"ನಿಲ್ಲು. ಯಾವುದರೊಳಗೆ?"
ಮೂಟೆಯೊಳಗೆ.
"ಯಾವ ಮೂಟೆ?"

ಬಾಗಿಲ ಬಳಿ ಹುಡುಗನೊಬ್ಬ
ತಗಡಿನ ಅಚ್ಚಿಟ್ಟು ಕರಿ ಮಸಿ ಬಳಿಯುತ್ತಿದ್ದ,
ಒಂದು ಗೋಣಿ, ಇನ್ನೊಂದು ಗೋಣಿ,
ಅದೇ ತಗಡು, ಅದೇ ಅಕ್ಷರ.
ತಗಡಿನಲ್ಲಿ ಒಂದು ಕಾಳೂ ಇರಲಿಲ್ಲ.

ನಾನು ತೂಕವನ್ನು ಅಚ್ಚಿಗೇ ಕಟ್ಟಿದ್ದೆ.
ನಾನೂರ ಹನ್ನೆರಡು ಮೂಟೆ ಹುಟ್ಟಿ
ಒಂದೇ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದವು.
ಸಾಲನ್ನು ಕೆಳಗಿಳಿಸಿದೆ, ನಾಲ್ಕು ಸ್ಪೇಸು ಒಳಗೆ ಸರಿಸಿ,
ಮೂಟೆ ಹುಟ್ಟುವ ಜಾಗಕ್ಕೆ.
ತೂಕಕ್ಕೆ ಮುಂಚೆ ಒಂದು ಸೆಲ್ಫು, ಒಂದು ಚುಕ್ಕಿ.
ಎಲ್ಲರದಲ್ಲ, ತನ್ನದು.
ಐವತ್ತು ಕೇಜಿ ಮುನ್ನೂರು ಗ್ರಾಂ, ಅಂದಿತು ಒಂದು ಮೂಟೆ.
ಉಳಿದವು ಬಾಯಿಬಿಡಲಿಲ್ಲ.

"ನಿನಗೆ ಹೇಗೆ ಗೊತ್ತಾಯ್ತು?"
"ನನ್ನ ಶಾಲಾ ವ್ಯಾನಿನ ಮಕ್ಕಳೆಲ್ಲ
ಹೋದ ವರ್ಷ ತಣ್ಣೀರುಹಳ್ಳದಲ್ಲೇ ಇಳಿದುಬಿಟ್ಟಿದ್ದವು,
ಪರದೆ ಮೇಲೆ. ಮೂವತ್ತೆಂಟೂ.
ಅರಸೀಕೆರೆಯ ಖಾದರ್ ಪಾಷ ಫೋನಿನಲ್ಲಿ ಒಂದು ಗಂಟೆ
ಬರೀ ಪ್ರಶ್ನೆ ಕೇಳಿದ. ಉತ್ತರ ಕೊಡಲಿಲ್ಲ. ಬೈದೆ."
ಖಾದರನನ್ನು ಯಾರು ಕೇಳಿದ್ದರೋ ಅವಳಿಗೂ ಗೊತ್ತಿಲ್ಲ.
ಟೀ ದುಡ್ಡನ್ನೂ ನನಗೆ ಕೊಡಗೊಡಲಿಲ್ಲ.

ಮೊನ್ನೆ ರಾತ್ರಿ ಹೊಳೆನರಸೀಪುರದಿಂದ ಫೋನು,
ಹಾಲಿನ ಡೈರಿಯ ಹುಡುಗ, ಪುಟ್ಟಲಿಂಗ.
"ಸಾರ್, ನನ್ನ ಎಮ್ಮೆ ಹಸುವಿನ ಫ್ಯಾಟು ತೋರಿಸ್ತದೆ."
ಗೊತ್ತು ಗೊತ್ತು ಅನ್ನುವ ಹುಮ್ಮಸ್ಸಿನಲ್ಲಿ
ಅಚ್ಚಿನ ಕಥೆ ಪೂರ್ತಿ ಹೇಳಿದೆ, ತಗಡು, ಮಸಿ, ಗೋಣಿ.
ತಾಳ್ಮೆಯಿಂದ ಕೇಳಿದ. ಆಮೇಲೆ,
"ಅದು ಸರಿಯಾಗೇ ಇದೆ ಸಾರ್. ಇದು ಬೇರೆ."

ಬೇರೆಯೇ ಆಗಿತ್ತು. ಹಸುವಿನ ಕ್ಲಾಸಿನಿಂದ ಇಳಿದ ಎಮ್ಮೆ
ತನ್ನ ಮಾತು ಬರೆದಿಟ್ಟುಕೊಂಡೂ
ಮೇಲಿನವರ ಮಾತನ್ನೇ ಆಡುತ್ತಿತ್ತು.
ಯಾಕೆಂದು ನನಗೂ ಹೊಳೆಯಲಿಲ್ಲ.
ನಾಚಿಕೆಯಾಯಿತು, ಸ್ವಲ್ಪ.
ಲೈಟು ಹಾಕಿ ಎದ್ದು ಕೂತೆ.
"ಗೊತ್ತಿಲ್ಲ ಕಣೋ," ಅಂದೆ, "ಮೊದಲಿಂದ ಓದು.
ಜೋರಾಗಿ ಓದು."