ರಟ್ಟು

ಗುರುವಾರ ರಾತ್ರಿ ಪಬ್ಬಿನಲ್ಲಿ ಪ್ರಶ್ನೆ ಓದುವವನು ನಾನು.
ಹಗಲೆಲ್ಲ ಹೇಸ್ಟಿಂಗ್ಸಿನ ಮನೆಮನೆಯ ನಲ್ಲಿ, ಬಾಯ್ಲರು, ಕಟ್ಟಿಕೊಂಡ ಮೋರಿ;
ಸಂಜೆ ಕೈ ತೊಳೆದು ಮೈಕು ಹಿಡಿದರೆ
ನಾನೂ ಒಂದಿಷ್ಟು ತಿಳಿದವನ ಹಾಗೆ.

ಹನ್ನೊಂದನೆಯ ಪ್ರಶ್ನೆ: ಕ್ಯಾಪ್ಟನ್ ಮಾರ್ಜರಂ,
ನಮ್ಮ ಕಾಲದ ಟೀವಿಯ ಕಡಲ್ಗಳ್ಳ,
ಅಲೆ ಕಂಡರೆ ವಾಂತಿ, ಕತ್ತಿ ಕಂಡರೆ ನಿದ್ದೆ,
ಅವನ ಹಡಗಿನ ಅಡುಗೆಯವನ ಪೋಲಿ ಹೆಸರೇನು?
ಓದಿ ಮುಗಿಸುವ ಮೊದಲೇ ಪಬ್ಬು ಕಿಸಕ್ಕೆಂದಿತು.
ಗೊತ್ತಿಲ್ಲದವರು ಯಾರು!
ಶಾಲೆಯ ಪಾಯಿಖಾನೆಯ ಗೋಡೆಯಿಂದ ಮದುವೆ ಊಟದ ಭಾಷಣದವರೆಗೆ
ಇಡೀ ದೇಶ ಬಾಯಿಂದ ಬಾಯಿಗೆ ದಾಟಿಸಿದ ಹೆಸರು.

ಉತ್ತರ ಹೇಳುವಾಗ ಕಿಟಕಿ ಪಕ್ಕದ ಮೇಜಿನಿಂದ ಒಂದು ಕೈ ಎದ್ದಿತು.
ಮೇವಿಸ್ ಏಕ್‌ಹರ್ಸ್ಟ್. ಎಪ್ಪತ್ತೊಂಬತ್ತು. ಅರ್ಧ ಗ್ಲಾಸು ಶ್ಯಾಂಡಿ.
"ಅಂಥ ಹೆಸರಿನವನು ಆ ಹಡಗು ಹತ್ತಲೇ ಇಲ್ಲ ಕಣಪ್ಪ.
ಅಡುಗೆಯವನು ಟ್ವಿಲ್."
ನನ್ನ ಕೈಯ ಹಾಳೆ ನೋಡಿದೆ. ಅದರಲ್ಲಿ ಬೇರೆ ಇತ್ತು.
ಅಂಕ ಕೊಡಲಿಲ್ಲ.

ಕುರ್ಚಿಗಳನ್ನು ಮೇಜಿಗೇರಿಸುವ ಹೊತ್ತಿಗೂ ಅವಳು ಎದ್ದಿರಲಿಲ್ಲ.
"ಹತ್ತೊಂಬತ್ತು ವರ್ಷ ನನಗೆ. ಲಂಡನ್ನಿನ ಒಂದು ಚರ್ಚ್ ಹಾಲು.
ಎಲ್ಲ ರಟ್ಟು. ಹಡಗು ರಟ್ಟು, ಕಡಲು ರಟ್ಟು,
ಚಂದ್ರ ಮಾತ್ರ ಬಿಸ್ಕತ್ತಿನ ಡಬ್ಬಿಯ ಮುಚ್ಚಳ.
ದನಿ ಇನ್ನಾರದೋ. ಮೇಜಿನಡಿ ಮಂಡಿಯೂರಿ
ಪಟ್ಟಿ ಎಳೆಯುವವಳು ನಾನು.
ಎಳೆದರೆ ಬಾಯಿ ತೆರೆಯಬೇಕು, ಬಿಟ್ಟರೆ ಮುಚ್ಚಬೇಕು.
ಆರು ವರ್ಷ ಆ ಹಡಗಿನ ಬಾಯೆಲ್ಲ ನಾನೇ.
ನನ್ನ ಬೆರಳಿಗೆ ತಿಳಿಯದೆ ಅವರು ಏನು ತಾನೆ ಅಂದಾರು?"

ಬರೀ ಗಾಳಿಮಾತು ಅನ್ನುತ್ತೀರಾ, ಅಂದೆ.

"ಹಾಯಿ ಉಬ್ಬಿದಂತೆ ಕಾಣಲೆಂದು
ಹಿಂದೆ ಬೆಂಕಿಪೊಟ್ಟಣ ಅಂಟಿಸುತ್ತಿದ್ದೆವು.
ನಿಜವಾದ ಗಾಳಿ ಬಂದದ್ದು ಎಲ್ಲ ಮುಗಿದ ಇಪ್ಪತ್ತು ವರ್ಷಕ್ಕೆ.
ಹಡಗು ಈಗ ಅದರಲ್ಲೇ ಓಡುತ್ತಿದೆ.
ಗುಟ್ಟು ರಟ್ಟಾಯಿತು ಅಂತ ನಗುತ್ತಾರಲ್ಲ,
ಗುಟ್ಟೆಲ್ಲಿತ್ತು ಮಗು? ಇದ್ದದ್ದು ರಟ್ಟೊಂದೇ."

ಆದರೆ ನಾನು ಕೇಳಿದ್ದೇನೆ. ಈ ಕಿವಿಯಾರೆ.
ನನಗೆ ಐದು. ಅಪ್ಪ ಮೀನುದೋಣಿಯಿಂದ ಬಂದವನು
ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ಟೀವಿ ನೋಡಿ
ನಕ್ಕ. ನಕ್ಕು ನಕ್ಕು
ಚಹಾ ತುಳುಕಿ ಅಂಗಿಯ ತೋಳು ನೆನೆಯಿತು.
ಅಪ್ಪ ನಗುವವನಲ್ಲ. ನಾನು ಕಂಡದ್ದು ಅದೊಂದೇ ಸಲ.
ಮರುವರ್ಷ ಗ್ರಿಮ್ಸ್‌ಬಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ.
ಆ ಹೆಸರೇ ಇರಲಿಲ್ಲವೆಂದರೆ
ಅವನು ನಕ್ಕದ್ದು ಯಾವುದಕ್ಕೆ?

ಇದನ್ನು ಅವಳಿಗೆ ಹೇಳಬೇಕೆಂದಿರಲಿಲ್ಲ. ಹೇಳಿದೆ.

ಮೇವಿಸ್ ಗ್ಲಾಸಿನಡಿಯ ಬಿಲ್ಲೆಯನ್ನು ತಿರುವಿದಳು, ತುಂಬ ಹೊತ್ತು.
"ಒಂದು ಸಲ ಪಟ್ಟಿ ಸಿಕ್ಕಿಕೊಂಡಿತ್ತು. ಅಂಟು ಇನ್ನೂ ಹಸಿ.
ಮಾತು ಮುಗಿದರೂ ಕ್ಯಾಪ್ಟನ್ನನ ಬಾಯಿ ಮುಚ್ಚದು.
ನಾನು ಜಗ್ಗಿದಷ್ಟೂ ಅವನು ಅಗಿಯುತ್ತಾನೆ.
ಹಡಗು ಮುಳುಗುತ್ತಿದೆ, ಎಲ್ಲರೂ ಅಳಬೇಕು,
ಇವನು ದನಿಯಿಲ್ಲದೆ ಮಾತಾಡುತ್ತಲೇ ಇದ್ದಾನೆ.
ನಿಮ್ಮಪ್ಪ ನೋಡಿದ್ದು ಅದನ್ನೇ ಇರಬೇಕು."

ಅದು ನಡೆದದ್ದೋ,
ಆಗಿಂದಾಗ ನನಗೆಂದು ಕತ್ತರಿಸಿ ಅಂಟಿಸಿದ್ದೋ,
ಕೇಳಲಿಲ್ಲ. ಕೋಟು ಹಿಡಿದೆ, ತೋಳು ತೂರಿಸಿದಳು.
ಹೊರಗೆ ಬಲೆ ಇಡುವ ಕಪ್ಪು ಮರದ ಮನೆಗಳ ಮೇಲೆ
ಕಡಲಕ್ಕಿಯೊಂದು ಯಾರನ್ನೋ ಬೈಯುತ್ತಿತ್ತು.
ಕತ್ತಲಲ್ಲಿ ಅಲೆ ದಂಡೆಯ ನೊರಜುಗಲ್ಲನ್ನು
ಎಳೆದು ಬಿಟ್ಟು, ಎಳೆದು ಬಿಟ್ಟು;
ಅವಳ ಬಲಗೈ ಬೆರಳು ಕೋಟಿನ ಜೇಬಿನೊಳಗೇ
ಆಡುತ್ತಿದ್ದದ್ದು ಬೀದಿದೀಪಕ್ಕೆ ಕಂಡಿತು.

ಒಳಗೆ ಬಂದರೆ ಹಲಗೆಯ ಅಂಕಗಳನ್ನು ಯಾರೋ ಒರೆಸಿಯಾಗಿತ್ತು.
ಅವಳ ಹಾಳೆ ಮೇಜಿನ ಮೇಲೆ, ಶ್ಯಾಂಡಿಯ ಉಂಗುರದಡಿ.
ಹನ್ನೊಂದನೆಯ ಸಾಲಿನಲ್ಲಿ ಗುಂಡಗಿನ ಅಕ್ಷರ, ಟ್ವಿಲ್.
ಪಕ್ಕದಲ್ಲಿ ನಾನೇ ಎಳೆದ ಕೆಂಪು ಗೀಟು.