ಗಲ್ಲಾಪೆಟ್ಟಿಗೆ

ಕುತೈಸಿಯ ಗುಜರಿ ಬೀದಿಯಲ್ಲಿ ಹದಿನೆಂಟು ಲಾರಿ ಕೊಟ್ಟು
(ಲಾರಿ ಅಂದರೆ ಜಾರ್ಜಿಯಾದಲ್ಲಿ ದುಡ್ಡು, ಗಾಲಿಯದ್ದಲ್ಲ)
ಲಮಾರಾ ಹೊತ್ತು ತಂದದ್ದು
ಮುಚ್ಚಿಹೋದ ಅಂಗಡಿಯೊಂದರ ಬಿಲ್ಲು ಹೊಡೆಯುವ ಯಂತ್ರ.
ಅಂಗೈಯಗಲ ಪರದೆ.
ಗುಂಡಿಗಳ ಮೇಲೆ ಅಕ್ಷರವಿಲ್ಲ,
ರೊಟ್ಟಿ, ಚೀಸು, ಉಪ್ಪು, ವಾಪಸು.
ಹೊಟ್ಟೆಯಲ್ಲೊಂದು ಗಲ್ಲಾ, ಖಾಲಿ.

“ಇದರಲ್ಲಿ ಲಿನಕ್ಸ್ ಓಡಿಸುತ್ತೇನೆ, ಹುಡುಗನಿಗೆ ಬೇಕು.”
ಪಕ್ಕದ ಕೋಣೆಯ ಜುಂಬೇರ್ ನಕ್ಕ:
“ಕತ್ತೆಗೆ ಪಿಯಾನೋ ಕಲಿಸು, ಬೇಗ ಆಗುತ್ತೆ.”
ಅವಳು ನಗಲಿಲ್ಲ.
ಸುಖುಮಿಯ ಗಣಕಕೇಂದ್ರದಲ್ಲಿ
ಬೀರುವಿನೆತ್ತರದ ಯಂತ್ರಗಳಿಗೆ
ತೂತಿನ ಪಟ್ಟಿ ತಿನ್ನಿಸಿದ ಕೈ ಅದು.

ಮೊದಲ ವಾರ ಬರೀ ಕಪ್ಪು.
ಎರಡನೆಯ ವಾರ ಒಂದು ಗೆರೆ, ಮಿಣುಕಿ ಸತ್ತಿತು.
ಕರ್ನಲ್ಲು ಏರಿಗೆಳೆದರೆ ಚಿಪ್ಪು ನೀರಿಗೆ.
ಇಷ್ಟೇ ಇಷ್ಟು ಮೆಮೊರಿಯಲ್ಲಿ ಹೇಗೆ ಬದುಕಲಿ ಎಂದು ಅದು,
ನಿನ್ನನ್ನು ಕರೆದವರಾರು ಎಂದು ಇದು.
ಲಮಾರಾ ನಡುವಿನ ದುಭಾಷಿ.
ಬೇಡದ್ದನ್ನೆಲ್ಲ ಕಿತ್ತಳು: ಸದ್ದು, ಬಣ್ಣ, ಮೌಸಿನ ಆಸೆ,
ಲೋಕದ ಅಷ್ಟೂ ಊರುಗಳ ಹೊತ್ತು, ಒಂದನ್ನು ಬಿಟ್ಟು.
ಉಳಿದದ್ದನ್ನು ಮಡಚಿ, ಮತ್ತೆ ಮಡಚಿ,
ಓಡಿಹೋಗುವ ರಾತ್ರಿ ಚೀಲ ತುಂಬುವಂತೆ ತುಂಬಿದಳು.

ಹಾಗೆ ತುಂಬುವುದು ಅವಳಿಗೆ ಗೊತ್ತಿತ್ತು.

ಅವರಿರುವುದು ತ್ಸ್ಕಾಲ್ಟುಬೊದ ಹಳೆಯ ಆರೋಗ್ಯಧಾಮ.
ಮಂಡಿನೋವಿನ ಅಧಿಕಾರಿಗಳು ಮೂರು ವಾರ
ಬಿಸಿನೀರಲ್ಲಿ ಮಲಗೆದ್ದು ಹೋಗಲೆಂದು ಕಟ್ಟಿದ್ದು.
ಯುದ್ಧ ತಂದು ಸುರಿದ ಜನ
ಮೂರು ದಶಕದಿಂದ ಇದ್ದಾರೆ.
ನೃತ್ಯದ ಹಜಾರದಲ್ಲಿ ಸೌದೆ.
ಅಮೃತಶಿಲೆಯ ತೊಟ್ಟಿಯಲ್ಲಿ ಎತೇರಿಯ ಉಪ್ಪಿನ ಸೌತೆ.
ಕಿಟಕಿಯ ಒಂದು ಗಾಜು ತೆಗೆದಲ್ಲಿ ಒಲೆಯ ಕೊಳವೆ.
ಕೋಣೆಗೊಂದು ಅಡಿಗೆಮನೆ ನಕ್ಷೆಯಲ್ಲೇ ಇರಲಿಲ್ಲ,
ಸಾರು ದಿನಾ ಕುದಿಯಿತು.
ಇದನ್ನು ಯಾರೂ ಸಾಧನೆ ಅನ್ನಲಿಲ್ಲ.

ಏಳನೆಯ ವಾರ, ಬೆಳಗಿನ ನಾಲ್ಕಕ್ಕೆ,
ಪರದೆ ಹೆಸರು ಕೇಳಿತು.
ಉಪ್ಪು, ರೊಟ್ಟಿ, ಚೀಸು, ರೊಟ್ಟಿ, ವಾಪಸು, ರೊಟ್ಟಿ
ಒಂದೊಂದೇ ಒತ್ತಿದಳು.
ಲಮಾರಾ ಅಂತ ಬಂತು.
ಠಣ್!
ಗಲ್ಲಾ ಹೊರಕ್ಕೆ ಚಿಮ್ಮಿ ಪಕ್ಕೆಗೆ ಬಡಿಯಿತು.
ಜುಂಬೇರ್ ಗೋಡೆಯಾಚೆಯಿಂದ ಬೈದ.

ಯಾವ ಸೂಚನೆ ಯಾವ ತಂತಿ ಹಿಡಿದು
ಆ ಸ್ಪ್ರಿಂಗನ್ನು ಮುಟ್ಟುತ್ತದೋ, ಇನ್ನೂ ಸಿಕ್ಕಿಲ್ಲ.
ಹೆಸರು ಹೇಳಿದಾಗೊಮ್ಮೆ, ತಪ್ಪಾದಾಗೊಮ್ಮೆ,
ಏನೂ ಆಗದಾಗಲೂ ಒಮ್ಮೊಮ್ಮೆ ಠಣ್.
ಒಳಗಿನ ಬ್ಯಾಟರಿ ಸತ್ತದ್ದರಿಂದ
ಪ್ರತಿ ಬೆಳಿಗ್ಗೆ ಅದಕ್ಕೆ ಎರಡು ಸಾವಿರದ ಜನವರಿ ಒಂದು.
ದಿನಾ ತಾರೀಖು ಹೇಳಿಕೊಡಬೇಕು.
“ನಾನಂತೂ ಬಂದ ವರ್ಷದಲ್ಲೇ ಏಳುತ್ತೇನೆ,” ಅಂದಳು ಎತೇರಿ,
“ನಿನ್ನ ಪೆಟ್ಟಿಗೆ ಏಳು ವರ್ಷ ಮುಂದಿದೆ.”

ಮೊಮ್ಮಗ ಗೇಗಾ ಅದರಲ್ಲೇ ಭಾಗಾಕಾರ ಕಲಿತ.
ಹೊಕ್ಕುಳ ಮೇಲೆ ತಿಂಗಳುಗಟ್ಟಲೆ ನೀಲಿ ಗೆರೆ.
ಆಮೇಲೆ ಬುದ್ಧಿ ಬಂತು,
ಗಲ್ಲಾ ಹಾದುಹೋಗುವಷ್ಟು ಜಾಗ ಬಿಟ್ಟು
ಓರೆಯಾಗಿ ಕೂರತೊಡಗಿದ.

ಶಾಲೆಗೆ ಹೊಸ ಕಂಪ್ಯೂಟರು ಬಂದಿದೆ ಈಗ.
ಅದರ ಮುಂದೆಯೂ ಅವನು ಓರೆ.
“ನೆಟ್ಟಗೆ ಕೂರೋ,” ಅನ್ನುತ್ತಾರೆ ಮೇಷ್ಟರು.
ಕೂರುತ್ತಾನೆ.
ಗುಂಡಿ ಒತ್ತುವ ಮುಂಚೆ
ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ.