ಹಳೇ ವಾಷರು

ಕಡಲೇ ಇಲ್ಲದ ನಾಡಿಗೆ ಹೇಗೋ ಬಂದು ಕೂತ
ಹಡಗಿನ ಕಬ್ಬಿಣದ ಪೆಟ್ಟಿಗೆಗಳು, ಸಾಲು ಸಾಲು.
ಬಿಷ್ಕೆಕ್ಕಿನ ಬಿಡಿಭಾಗದ ಬಜಾರಿನಲ್ಲಿ
ಅಂಗಡಿಯೆಂದರೆ ಇದೇ.
ಒಳಗೆ ಟೆಮಿರ್ಬೆಕ್, ತೊಡೆಯ ಮೇಲೆ
ಸೂರ್ಯಕಾಂತಿ ಬೀಜದ ಪೊಟ್ಟಣ.

"ಯಾವ ಕಾರು?"
"ಆಡಿ ನೂರು. ಎಂಬತ್ತೆಂಟರದು. ಐದು ಸಿಲಿಂಡರು."
"ಗಂಡನ್ನ ಕಳಿಸಿ, ಮಾತಾಡ್ತೀನಿ."
"ಅವನ ಪಾಲಿಗೆ ಫ್ಲಾಟು ಹೋಯಿತು, ನನ್ನ ಪಾಲಿಗೆ ಇದು ಬಂತು.
ಫಿಲ್ಟರು ತೆಗಿ."

ಮೂರು ಇಟ್ಟ. ಹಳದಿ, ಬಿಳಿ, ಕಪ್ಪು.
"ಮೂರೂ ಕೂರುತ್ತವೆ" ಅಂದ, ಸಿಪ್ಪೆ ಉಗಿದು.
ಕೂರುವುದು ಬೇರೆ, ಬಾಳುವುದು ಬೇರೆ
ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬಿಳಿಯದರ ಮೈಮೇಲೆ ಜರ್ಮನ್ ಹೆಸರು,
ನಡುವೆ ಒಂದಕ್ಷರ ನಾಪತ್ತೆ.
ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿದವಳು;
ಕೆಂಪು ಇಂಕಿಲ್ಲದೆಯೂ ತಪ್ಪು ಕಣ್ಣಿಗೆ ಚುಚ್ಚುತ್ತದೆ.
ಬದಿಗೆ ಸರಿಸಿದೆ.

ಉಳಿದೆರಡನ್ನು ಎರಡು ಅಂಗೈಯಲ್ಲಿ ತೂಗಿದೆ.
ಹಳದಿ ಹಗುರ. ಒಳಗೆ ಇಣುಕಿದರೆ ಕಾಗದದ ಮಡಿಕೆ
ಅವಸರದಲ್ಲಿ ಉಟ್ಟ ಸೀರೆಯ ನೆರಿಗೆಯಂತೆ,
ಒಂದು ಕಡೆ ಒತ್ತು, ಒಂದು ಕಡೆ ಬಯಲು.
ಕಪ್ಪಿನದು ಸಮ. ಕಿರುಬೆರಳು ತೂರಿಸಿ
ರಬ್ಬರಿನ ತಡೆಯನ್ನು ಮುಟ್ಟಿದೆ: ಮೆತ್ತಗಿದೆ, ಮತ್ತೆ ಮೇಲೇಳುತ್ತದೆ.
ಜನವರಿಯ ಮುಂಜಾನೆ ಮೈನಸ್ ಹದಿನೈದರಲ್ಲಿ
ಎಣ್ಣೆಯೆಲ್ಲ ಕೆಳಗಿಳಿದು ಹೋಗಿದ್ದರೆ
ಎಂಜಿನ್ನು ಒಣಗಂಟಲಲ್ಲಿ ಚೀರುತ್ತದೆ, ಕೇಳಿದ್ದೇನೆ.

ಆಮೇಲೆ ಹೊರಸಾಲಿನ ತೂತಿಗೆ ಬಾಯಿಟ್ಟು,
ಬೆರಳಲ್ಲಿ ಮಿಕ್ಕ ತೂತು ಮುಚ್ಚಿ, ಹೀರಿದೆ.
ಹಳದಿ ಗಾಳಿ ಬಿಟ್ಟಿತು, ಸುಳ್ಳುಗಾರನ ಹಾಗೆ, ಧಾರಾಳ.
ಕಪ್ಪು ನನ್ನ ತುಟಿಯನ್ನೇ ಹಿಡಿದುಕೊಂಡಿತು.
ಟೆಮಿರ್ಬೆಕ್ ಬೀಜ ಒಡೆಯುವುದನ್ನು ನಿಲ್ಲಿಸಿದ್ದ.
"ನಾನೂರೈವತ್ತು ಸೋಮ್" ಅಂದ, ಮೆಲ್ಲಗೆ.
ಚೌಕಾಸಿ ಮಾಡಲಿಲ್ಲ. ಗೆದ್ದವಳ ಠೀವಿ.

ಶನಿವಾರ. ಅಂಗಳದಲ್ಲಿ ಹಿಮ ಗುಡಿಸಿ, ರಟ್ಟು ಹಾಸಿ,
ಕಾರಿನ ಕೆಳಗೆ ನಾನು, ಟಾರ್ಚು ಹಿಡಿದು ಮೀರಿಮ್.
ಹಳೇ ಎಣ್ಣೆ ಕಾಡಿಗೆಯಾಗಿ ಇಳಿಯಿತು.
ಹಳೇ ಫಿಲ್ಟರು ಹಟ ಹಿಡಿದು, ಸ್ಕ್ರೂಡ್ರೈವರಿನಲ್ಲಿ ಇರಿಸಿಕೊಂಡು,
ಕೊನೆಗೂ ಬಂತು.
ಹೊಸದರ ವಾಷರಿಗೆ ಎಣ್ಣೆ ಸವರಿದೆ,
ಹಸುಗೂಸಿನ ನೆತ್ತಿಗೆ ಸವರಿದಷ್ಟು.
ತಾಕುವ ತನಕ ತಿರುಗಿಸಿ, ಮೇಲೆ ಮುಕ್ಕಾಲು ಸುತ್ತು,
ಬರೀ ಕೈಯಲ್ಲಿ. ಪುಸ್ತಕದಲ್ಲಿ ಇದ್ದ ಹಾಗೆ.

ಕೀಲಿ ತಿರುವಿದೆ. ಎಂಜಿನ್ನು ಹಾಡಿತು.
ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ
"ಅಮ್ಮಾ, ಕಾರು ಉಚ್ಚೆ ಹೊಯ್ತಿದೆ!"
ಬಿಳೀ ಹಿಮದ ಮೇಲೆ ಜೇನಿನ ಬಣ್ಣದ ಕೊಳ,
ನಾಲ್ಕು ಲೀಟರು, ನನ್ನ ಅರ್ಧ ವಾರದ ಸಂಬಳ.

ಮನೆಯೊಡತಿ ಬುರುಲ್ಕಾನ್ ಆಪಾ ಕಲ್ಲಿದ್ದಲ ಬೂದಿಯ ಬಕೆಟ್ಟು ತಂದಳು.
ಒಂದು ಕಾಲಕ್ಕೆ ಸಾಮೂಹಿಕ ಹೊಲದಲ್ಲಿ ಟ್ರ್ಯಾಕ್ಟರು ಓಡಿಸಿದವಳು.
ಬೂದಿ ಸುರಿದಳು. ಮಂಡಿಯೂರಿದಳು.
ಹೊಸ ಫಿಲ್ಟರು ಬಿಚ್ಚಿಸಿ, ಎಂಜಿನ್ನಿನ ಮುಖಕ್ಕೆ ಟಾರ್ಚು ತರಿಸಿ,
ಈರುಳ್ಳಿ ಹೆಚ್ಚುವ ಚಾಕುವಿನ ತುದಿಯಿಂದ
ಒಂದು ಕಪ್ಪು ಬಳೆಯನ್ನು ಎಬ್ಬಿಸಿ ತೆಗೆದಳು.
ಹಳೇ ವಾಷರು.
ಫಿಲ್ಟರಿನ ಜತೆ ಬಾರದೆ ಅಲ್ಲೇ ಅಂಟಿಕೊಂಡು ಕೂತಿತ್ತು,
ಕಬ್ಬಿಣದ ಬಣ್ಣವನ್ನೇ ಹೊದ್ದು.
ನಾನು ಅದರ ಮೇಲೇ ಹೊಸದನ್ನು ಬಿಗಿದಿದ್ದೆ.

ಆಪಾ ಏನೂ ಅನ್ನಲಿಲ್ಲ. ಚಾಕು ಒರೆಸಿಕೊಂಡು ಒಳಗೆ ಹೋದಳು,
ಈರುಳ್ಳಿ ಅರ್ಧಕ್ಕೆ ನಿಂತಿತ್ತು.

ಸೋಮವಾರ ಮತ್ತೆ ಕಬ್ಬಿಣದ ಪೆಟ್ಟಿಗೆ. "ನಾಲ್ಕು ಲೀಟರು ಎಣ್ಣೆ."
ಟೆಮಿರ್ಬೆಕ್ ನನ್ನ ಉಗುರು ನೋಡಿದ, ಮುಖ ನೋಡಿದ.
"ಹಳೇ ವಾಷರಾ?"
ತಲೆಯಾಡಿಸಿದೆ.
ಅವನು ಎರಡು ಬೆರಳೆತ್ತಿದ: ಎರಡು ಸಲ.
ಆಮೇಲೆ, ಬೀಜದ ಪೊಟ್ಟಣವನ್ನು
ಮೇಜಿನ ಮೇಲೆ, ನನ್ನ ಕಡೆಗೆ, ತುಸು ತಳ್ಳಿದ.